ಹೆಬ್ಬೆರಳಷ್ಟು ಹಿಂದಕ್ಕೆ

ಮರೀನಾ ಹಿಂದಿನ ಬೀದಿ,
ಹಗ್ಗದ ಅಂಗಡಿಯ ಮೇಲಿನ ಮನೆ
ತಾರೀಖು ಹದಿನಾಲ್ಕು, ಶನಿವಾರ ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬಿಗೆ,

ನಿನ್ನ ಒಬ್ಬನೇ ಒಬ್ಬ ಸೋದರಮಾವ ಮಾಡುವ ಆಶೀರ್ವಾದ. ಇನ್ನೊಬ್ಬ ಇದ್ದಿದ್ದರೂ ನನ್ನಷ್ಟು ಚೆನ್ನಾಗಿರುತ್ತಿರಲಿಲ್ಲ, ಆ ಮಾತು ಬೇರೆ. ಹೇಗಿದ್ದೀಯ ಮಗಳೇ? ಹೊತ್ತು ಹೊತ್ತಿಗೆ ಊಟ ಮಾಡುತ್ತೀಯಾ? ಆ ಲಾಂಡ್ರಿಯ ಆವಿಯಲ್ಲಿ ದಿನವಿಡೀ ನಿಂತು ನಿನ್ನ ಕೆಮ್ಮು ಹೆಚ್ಚಾಗಿದೆಯೋ ಇಳಿದಿದೆಯೋ, ಬರೆಯಬೇಕು. ಇಲ್ಲಿ ನನ್ನ ಬಲ ಮೊಣಕಾಲೊಂದನ್ನು ಬಿಟ್ಟು ಮಿಕ್ಕವರೆಲ್ಲ ಕ್ಷೇಮ. ಅದು ಮಾತ್ರ ಮೆಟ್ಟಿಲು ಕಂಡರೆ ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಮುನಿಸಿಕೊಳ್ಳುತ್ತದೆ. ನಿನ್ನ ಅಮ್ಮ ಹೇಗಿದ್ದಾಳೆ ಅಂತ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನಡೆದಾಡುತ್ತಾಳೆ, ಅಡಿಗೆ ಮಾಡುತ್ತಾಳೆ, ಮಾತು ಮಾತ್ರ ರೇಷನ್ ಅಂಗಡಿಯ ಸಕ್ಕರೆ. ನಿನ್ನ ಹೆಸರು ಎತ್ತುವುದಿಲ್ಲ. ನಾನು ಎತ್ತಿದರೆ ಎದ್ದು ಹೋಗಿ ನಲ್ಲಿ ತಿರುಗಿಸುತ್ತಾಳೆ, ನೀರಿನ ಸದ್ದಿನಲ್ಲಿ ನನ್ನ ಮಾತು ಮುಳುಗಿಹೋಗಲಿ ಅಂತ. ಸಿಹಿ ಸುಳ್ಳು ಬರೆದು ನಿನ್ನನ್ನು ಮರುಳು ಮಾಡಬಾರದು ಅಂತ ಇದನ್ನು ಮೊದಲೇ ಹೇಳಿಬಿಟ್ಟೆ.

ನೀನು ಇಲ್ಲಿಂದ ಹೋದ ಮೇಲೆ ಬರೆದದ್ದು ಒಂದೇ ಕಾಗದ. ಅದರ ಎರಡು ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿವೆ. ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಹಿಡಿ ಎಳೆಯುವ ಸರದಿ ಬಂದರೆ ಪಕ್ಕದವಳಿಗೆ ಬಿಟ್ಟುಕೊಡುತ್ತೇನೆ, ನನ್ನ ಬಲಗೈಯನ್ನು ನಾನೇ ನಂಬುವುದಿಲ್ಲ ಅಂತ ಬರೆದಿದ್ದೆ. ಕೊನೆಯಲ್ಲಿ, ಮಾವ, ಇದು ಅಪ್ಪನನ್ನು ಕೊಂದ ಕೈ, ಇನ್ನು ಬೋಟಿನ ಸುದ್ದಿ ಬರೆದರೆ ನಿನ್ನ ಕಾಗದವನ್ನು ಒಡೆಯದೆ ಒಲೆಗೆ ಹಾಕುತ್ತೇನೆ ಅಂದಿದ್ದೆ. ಅದಕ್ಕೆ ಹೆದರಿಯೇ ಇಷ್ಟು ತಿಂಗಳು ನಾನು ನನ್ನ ಮೊಣಕಾಲಿನ ಪುರಾಣ ಬರೆದುಕೊಂಡು ಕೂತಿದ್ದೆ. ಈ ಕಾಗದದಲ್ಲಿ ಬೋಟು ಬಿಟ್ಟರೆ ಬೇರೇನೂ ಇಲ್ಲ. ಒಲೆಗೆ ಹಾಕುವುದಾದರೆ ಓದಿ ಹಾಕು ತಾಯಿ. ಓದಿದ ಕಾಗದವೂ ಅಷ್ಟೇ ಚೆನ್ನಾಗಿ ಉರಿಯುತ್ತದೆ.

ಮೊದಲು ಎಮ್ಮೆಯ ಜಾತಕ. ನಿನಗೆ ಗೊತ್ತಿರುವುದೇ, ಆದರೆ ಕ್ರಮವಾಗಿ ಹೇಳದಿದ್ದರೆ ನನಗೇ ದಾರಿ ತಪ್ಪುತ್ತದೆ. ಏಳನೇ ಕ್ಲಾಸನ್ನು ಎರಡು ವರ್ಷ ಓದಿ ಬೇರೆಯವರಿಗಿಂತ ಗಟ್ಟಿ ಮಾಡಿಕೊಂಡವನು ನಾನು. ನಮ್ಮ ಹಳ್ಳಿಯ ಮೇಷ್ಟ್ರು ಹೇಳುತ್ತಿದ್ದರು, ಇವನಿಗೆ ಬುದ್ಧಿ ಇದೆ, ಎಲ್ಲಿದೆ ಅಂತ ಮಾತ್ರ ಗೊತ್ತಿಲ್ಲ ಅಂತ. ಎಮ್ಮೆ ಅಂದರೆ ನಿನ್ನ ಅಪ್ಪನ ಬೋಟು. ಅಗಲ ಸೊಂಟ, ಕಪ್ಪು ಬಣ್ಣ, ಒಂದೇ ಇಂಜಿನ್ನು, ಹೇಳಿದ ಮಾತು ಕೇಳದ ಸ್ವಭಾವ, ಅದಕ್ಕೇ ಆ ಹೆಸರು. ಮರೀನಾದ ಜೆಟ್ಟಿ ಕಟ್ಟೆಗಳ ಉದ್ದಕ್ಕೂ ಸಾಲಾಗಿ ಸಿಂಗರಿಸಿಕೊಂಡು ನಿಂತ ಆ ಬಿಳಿ ಬೋಟುಗಳಿಗೆಲ್ಲ ನೀರಿನ ಕ್ಯಾನು, ಡೀಸೆಲ್ಲು, ಗ್ಯಾಸಿನ ಸಿಲಿಂಡರು ಹೊತ್ತುಕೊಂಡು, ಎರಡು ಸಾಲಿನ ನಡುವಿನ ಇಕ್ಕಟ್ಟಿನಲ್ಲಿ ಯಾರ ಮೈಯನ್ನೂ ಮುಟ್ಟದೆ ಓಡಾಡುವುದು ಭಾವನ ಕೆಲಸವಾಗಿತ್ತು. ಬಲ್ಲವರು ಹೇಳುತ್ತಾರಲ್ಲ, ತೆರೆದ ಸಮುದ್ರದಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ, ಗಂಡಸುತನ ಕಾಣುವುದು ನಿಲ್ಲಿಸುವಾಗ ಅಂತ. ಆ ಗಂಡಸುತನ ನಮ್ಮ ಮನೆಯಲ್ಲಿ ಭಾವನಿಗಿಂತ, ಸತ್ಯ ಹೇಳುತ್ತೇನೆ, ನನಗಿಂತಲೂ ನಿನಗೇ ಹೆಚ್ಚಿತ್ತು.

ನಿನಗೆ ಕೈ ಕಲಿಸಿದವರು ಭಾವ, ಬಾಯಿ ಕಲಿಸಿದವನು ನಾನು. ಭಾವ ಪಕ್ಕದಲ್ಲಿ ನಿಂತು ಬರೀ ಗದ್ದ ಅಲ್ಲಾಡಿಸಿ ದಾರಿ ತೋರಿಸುತ್ತಿದ್ದರು, ನಾನು ಹಿಂದೆ ಸಿಲಿಂಡರಿನ ಮೇಲೆ ಕೂತು ಉಪದೇಶ ಮಾಡುತ್ತಿದ್ದೆ. ಕಾರು ಮೂತಿ ತಿರುಗಿಸುತ್ತದೆ, ಬೋಟು ಬಾಲ ಬೀಸುತ್ತದೆ, ಆದ್ದರಿಂದ ಬಾಲದ ಮೇಲೆ ಕಣ್ಣಿರಲಿ. ಮೊದಲು ಸ್ಟೀರಿಂಗ್ ಚಕ್ರ ತಿರುಗಿಸು, ಆಮೇಲೆ ಇಂಜಿನ್ನು ಕೊಡು, ಅದೂ ಸಾರಿಗೆ ಉಪ್ಪು ಹಾಕಿದ ಹಾಗೆ, ಚಿಟಿಕೆ ಹಾಕಿ ರುಚಿ ನೋಡಿ ಮತ್ತೊಂದು ಚಿಟಿಕೆ. ನಿಧಾನ ಅಂದರೆ ಎಷ್ಟು ನಿಧಾನ ಮಾವ ಅಂತ ನೀನು ಕೇಳಿದ್ದೆ. ಗುದ್ದಿದರೆ ಬಣ್ಣ ಹೋಗಬೇಕು, ಮಾನ ಹೋಗಬಾರದು, ಅಷ್ಟು ನಿಧಾನ ಅಂದಿದ್ದೆ. ರಿವರ್ಸ್ ಹಾಕಿದಾಗ ಎಮ್ಮೆಯ ಬಾಲ ಯಾವಾಗಲೂ ಎಡಕ್ಕೆ ಎಳೆಯುತ್ತದೆ, ಅದು ನೀರೊಳಗೆ ತಿರುಗುವ ಅದರ ಪಂಖದ ಗುಣ, ಅದಕ್ಕೇ ಎಡಮೈಯನ್ನೇ ಜೆಟ್ಟಿಗೆ ಕೊಡು, ಕೊನೆಯ ಒಂದು ಚಿಟಿಕೆ ರಿವರ್ಸು ಬಾಲವನ್ನು ತಾನೇ ತಂದು ಜೆಟ್ಟಿಗೆ ಅಂಟಿಸುತ್ತದೆ ಅಂದಿದ್ದೆ. ಇವೆಲ್ಲ ಎಲ್ಲ ಬೋಟಿನವರಿಗೂ ಗೊತ್ತಿರುವ ಮಾತು. ಬರೀ ನಮಗೆ ಗೊತ್ತಿದ್ದದ್ದು ಹೆಬ್ಬೆರಳಿನ ಮಾತು.

ಲೋಕದ ಬೋಟುಗಳಲ್ಲೆಲ್ಲ ಗೇರಿನ ಹಿಡಿಯನ್ನು ಮುಂದೆ ತಳ್ಳಿದರೆ ಮುಂದೆ, ಹಿಂದೆ ಎಳೆದರೆ ರಿವರ್ಸ್, ನೆಟ್ಟಗೆ ನಿಲ್ಲಿಸಿದರೆ ನ್ಯೂಟ್ರಲ್. ಎಮ್ಮೆಯ ಕೇಬಲ್ಲು ಹಳತಾಗಿ ಹಿಗ್ಗಿ, ಹಿಡಿ ನೆಟ್ಟಗೆ ನಿಂತರೂ ಅದು ಮೆಲ್ಲಗೆ ಮುಂದಕ್ಕೆ ತೆವಳುತ್ತಲೇ ಇರುತ್ತಿತ್ತು. ಹೆಬ್ಬೆರಳಷ್ಟು ಹಿಂದಕ್ಕೆ ಎಳೆದು ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ನಮಗೆ ಅದೇ ನ್ಯೂಟ್ರಲ್. ನೀನು ಕಲಿತದ್ದೇ ಆ ನ್ಯೂಟ್ರಲ್ಲಿನಲ್ಲಿ, ಬೇರೆ ಬೋಟು ಮುಟ್ಟಿದವಳೇ ಅಲ್ಲ. ಹೊರಗಿನವರು ಯಾರಾದರೂ ಒಂದು ದಿನಕ್ಕೆ ಅಂತ ಎಮ್ಮೆಯನ್ನು ಕೇಳಿ ತೆಗೆದುಕೊಂಡು ಹೋದರೆ ನಾವು ಮೂವರೂ ಜೆಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆವು, ಅವರು ಹೋಗಿ ಕಂಬಕ್ಕೆ ಮುತ್ತು ಕೊಡುವುದನ್ನು ನೋಡುವುದಕ್ಕೆ. ಎಮ್ಮೆ ನಮ್ಮ ಮನೆಯವರ ಕೈಗೆ ಮಾತ್ರ ಹಾಲು ಕೊಡುತ್ತೆ ಅಂತ ನಾನು ಟೀ ಅಂಗಡಿಯಲ್ಲಿ ಹೇಳಿಕೊಂಡು ಓಡಾಡುತ್ತಿದ್ದೆ. ಗುಟ್ಟು ಏನು ಅಂತ ಯಾರಿಗೂ ಹೇಳಲಿಲ್ಲ. ಸರಿಮಾಡಿಸುವ ಯೋಚನೆ ನನಗಂತೂ ಕನಸಿನಲ್ಲೂ ಬರಲಿಲ್ಲ. ಬೋಟಿನ ಸೊಟ್ಟ ನಮ್ಮ ಮನೆಯ ಗತ್ತಾಗಿಬಿಟ್ಟಿತ್ತು.

ಆ ದಿನದ ಮಾತು ನಿನಗೆ ನಾನು ಹೇಳಬೇಕಾಗಿಲ್ಲ, ನಾನು ಅಲ್ಲಿ ಇರಲೂ ಇಲ್ಲ. ದಡದ ಮೇಲೆ ಯಾರದೋ ಬೋಟಿನ ಹೊಟ್ಟೆಗೆ ಬಣ್ಣ ಬಳಿಯುತ್ತಿದ್ದೆ. ನೀನು ವಿಚಾರಣೆಯಲ್ಲಿ ಹೇಳಿದ್ದನ್ನಷ್ಟೇ ನೆನಪಿಸುತ್ತೇನೆ. ಬೆಳಿಗ್ಗೆ ಜೆಟ್ಟಿಯಿಂದ ಬಿಡಿಸಿ, ಬೋಟಿನಿಂದ ಬೋಟಿಗೆ ಸಾಮಾನು ಇಳಿಸುತ್ತ ಹೋದಾಗೆಲ್ಲ ಹಿಡಿಯ ಮೇಲೆ ಕೈ ಇಟ್ಟವರು ಅಪ್ಪನೇ. ವಾಪಸು ಬರುವಾಗ, ಮುಂದಿನ ವಾರ ಲೈಸೆನ್ಸಿನ ಪರೀಕ್ಷೆ ಇದೆಯಲ್ಲ, ನೀನೇ ತಂದು ನಿಲ್ಲಿಸು ಅಂತ ನಿನಗೆ ಬಿಟ್ಟುಕೊಟ್ಟರು. ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು, ಏಕೆ ಅಂತ ನನಗೆ ಗೊತ್ತಿಲ್ಲ ಅಂದೆ ನೀನು. ಆಮೇಲೆ ಚರ್ಮದ ಕೈಗವಸು ಹಾಕಿಕೊಂಡು, ಜೆಟ್ಟಿಗೆ ಕಟ್ಟುವ ಹಗ್ಗ ಹಿಡಿದು, ಬೋಟಿನ ಹಿಂದುಗಡೆ ಮೆಟ್ಟಿಲ ಮೇಲೆ ಹೋಗಿ ನಿಂತರು. ನೀನು ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಎಡಮೈ ಕೊಟ್ಟು ತಂದೆ. ನ್ಯೂಟ್ರಲ್ ಹಾಕಿದೆ. ಎಮ್ಮೆ ನಿಲ್ಲಲಿಲ್ಲ, ಹಿಂದಕ್ಕೆ ನೆಗೆಯಿತು, ಬಾಲ ಎಡಕ್ಕೆ ಬೀಸಿತು. ಕೈ ನ್ಯೂಟ್ರಲ್ ಅನ್ನುತ್ತಿದೆ, ಬೋಟು ಹಿಂದೆ ಹೋಗುತ್ತಿದೆ, ನೀನು ಯಾವುದನ್ನು ನಂಬಬೇಕು? ಗಾಳಿ ತಳ್ಳುತ್ತಿದೆಯೇನೋ ಅಂತ ಒಂದು ಸಲ ತಿರುಗಿ ನೋಡಿದೆ. ಅಷ್ಟು ಹೊತ್ತು ಸಾಕಾಯಿತು. ಬೋಟಿನ ಮೂಲೆಗೂ ಕಾಂಕ್ರೀಟಿನ ಕಂಬಕ್ಕೂ ನಡುವೆ ನಿನ್ನ ಅಪ್ಪ ಇದ್ದರು.

ಮರೀನಾ ಕಚೇರಿಯ ಸಾಹೇಬರು, ಹುಡುಗಿ ಗಾಬರಿಯಲ್ಲಿ ನ್ಯೂಟ್ರಲ್ ಬದಲು ರಿವರ್ಸ್ ಎಳೆದಿದ್ದಾಳೆ, ಅಪಘಾತ ಅಂತ ಬರೆದು ಮುಗಿಸಿದರು. ನಾನು ನ್ಯೂಟ್ರಲ್ಲೇ ಹಾಕಿದ್ದೆ ಅಂತ ಮೊದಮೊದಲು ನೀನು ಎಲ್ಲರ ಮುಂದೆಯೂ ಹೇಳಿದೆ, ನನ್ನ ಮುಂದೆಯೂ. ಹೇಳುತ್ತ ಹೇಳುತ್ತ ನಿನ್ನ ದನಿ ಸಣ್ಣದಾಯಿತು. ಆಮೇಲೆ ಒಂದು ದಿನ ಹೇಳುವುದನ್ನೇ ಬಿಟ್ಟೆ. ನಾನು ನಿನ್ನನ್ನು ನಂಬಿದ್ದೆನೇ ಅಂತ ಕೇಳಬೇಡ ಗುಬ್ಬಿ. ಮಕ್ಕಳು ಗಾಬರಿಯಾಗುತ್ತಾರೆ, ಯಾರ ಕೈಯಾದರೂ ಒಂದು ದಿನ ತಪ್ಪುತ್ತದೆ ಅಂತ ನಿನ್ನ ಬೆನ್ನು ಸವರಿದವನು ನಾನು. ಅದು ಸಮಾಧಾನ ಅಂತ ಅಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಭಾವ ಸಂಜೆಯವರೆಗೆ ಇದ್ದರಲ್ಲ. ನಿನ್ನನ್ನು ಪೊಲೀಸಿನವರು ಹೊರಗೆ ಕೂರಿಸಿಕೊಂಡಿದ್ದರು. ಒಳಗೆ ಮಂಚದ ಹತ್ತಿರ ಇದ್ದದ್ದು ಅಕ್ಕ ಮತ್ತು ನಾನು. ಉಸಿರು ಎಳೆದುಕೊಂಡು ಅವರು ಹೇಳಿದ್ದು ಒಂದೇ ಮಾತು, "ಅವಳಿಗೆ ಹೇಳಬೇಕಿತ್ತು." ಏನು ಹೇಳಬೇಕಿತ್ತು ಭಾವ ಅಂತ ನಾನು ಬಗ್ಗಿದೆ. ಮತ್ತೆ ಅದನ್ನೇ ಹೇಳಿದರು, ಆಮೇಲೆ ಹೇಳಲಿಲ್ಲ. ಅಕ್ಕ ಅದನ್ನು ತನಗೆ ತಿಳಿದಂತೆ ಅರ್ಥ ಮಾಡಿಕೊಂಡಳು. ಹುಷಾರಾಗಿರು ಅಂತ ಹೇಳಬೇಕಿತ್ತು, ಆತುರಗಾರ್ತಿ ಅವಳು, ಹೇಳಲಿಲ್ಲ ಅಂತ ಒದ್ದಾಡಿಕೊಂಡು ಹೋದರು ಅಂತ ಇವತ್ತಿನವರೆಗೂ ಅವಳ ಲೆಕ್ಕ. ಅವಳ ಸಿಟ್ಟಿಗೆ ಆ ಮಾತೇ ಬೇರು.

ಈಗ ಹೊಸ ಸುದ್ದಿಗೆ ಬರುತ್ತೇನೆ. ಕಚೇರಿಯವರು ಎಮ್ಮೆಯನ್ನು ಇಷ್ಟು ದಿನ ಆ ಕಡೆ ಮೂಲೆಯಲ್ಲಿ ಸರಪಳಿ ಹಾಕಿ ಇಟ್ಟಿದ್ದರು. ಬಿಟ್ಟುಕೊಟ್ಟಿದ್ದೇ ತಡ, ಅಕ್ಕ ಒಡೆಸಿಹಾಕು ಅಂದಳು. ಅಡಿಗೆಮನೆ ಕಿಟಕಿಯಿಂದ ಅದರ ಕಪ್ಪು ಮೈ ಕಾಣುತ್ತದೆ, ಅದು ಕಂಡ ದಿನ ಅವಳಿಗೆ ಅನ್ನ ಇಳಿಯುವುದಿಲ್ಲ. ನಾನು ಏನು ಹೇಳಲಿ, ಸರಿ ಅಂದೆ. ಗುರುವಾರ ಬೆಳಿಗ್ಗೆ ಎಮ್ಮೆಯನ್ನು ಮೂಲೆಯಿಂದ ಬಿಡಿಸಿ, ಬಿಳಿ ಬೋಟುಗಳ ಸಾಲಿನ ನಡುವೆ ತಂದು, ಕ್ರೇನಿನ ಕೆಳಗೆ ನಿಲ್ಲಿಸಬೇಕು, ಅದು ಎತ್ತಿ ಒಡೆಯುವ ಅಂಗಳಕ್ಕೆ ಹಾಕುತ್ತದೆ. ಹೊಸ ಬ್ಯಾಟರಿ ಕೂರಿಸಿ ಇಂಜಿನ್ನು ಎಬ್ಬಿಸಿದೆ. ಆ ದಿನದ ನಂತರ ಅದರ ಹಿಡಿ ಮುಟ್ಟಿದವನು ನಾನೇ ಮೊದಲು. ಎದೆ ಭಾರವಾಗಿತ್ತು. ಆದರೆ ನನ್ನ ಎದೆ ಭಾರವಾದಷ್ಟೂ ಬಾಯಿ ಹಗುರಾಗುತ್ತದೆ, ಅದು ನಿನಗೆ ಗೊತ್ತಿರುವ ಕಾಯಿಲೆ. ಕ್ರೇನಿನವನು, ಹಗ್ಗದಂಗಡಿ ಅಜ್ಜಿ, ಡೀಸೆಲ್ ಪಂಪಿನ ಹೆಂಗಸು ಎಲ್ಲ ದಡದಲ್ಲಿ ನಿಂತಿದ್ದರು. ನಾನು ತುಂಬಿದ ಟೀ ಗ್ಲಾಸನ್ನು ಸ್ಟೀರಿಂಗಿನ ಮುಂದೆ ಇಟ್ಟು, ಒಂದು ತೊಟ್ಟು ಚೆಲ್ಲದೆ ತರುತ್ತೇನೆ, ಚೆಲ್ಲಿದರೆ ನನ್ನ ಮೀಸೆ ನಿಮ್ಮದು ಅಂತ ಸಾರಿಬಿಟ್ಟೆ.

ಹೇಳಿದ ಹಾಗೆ ತಂದೂಬಿಟ್ಟೆ. ನೀನು ನೋಡಬೇಕಿತ್ತು. ಗಾಳಿ ಪಕ್ಕದಿಂದ ಬೀಸಿ ಮೂತಿಯನ್ನು ತಳ್ಳುತ್ತಿತ್ತು. ನಾನು ಚಕ್ರ ಪೂರ್ತಿ ತಿರುಗಿಸಿ ಒಂದು ಚಿಟಿಕೆ ಮುಂದೆ, ಬಾಲ ಬೀಸಿತು, ತಾನೇ ತೆವಳಲಿ ಅಂತ ಹಿಡಿ ನೆಟ್ಟಗೆ ಬಿಟ್ಟೆ, ಮತ್ತೆ ಒಂದು ಚಿಟಿಕೆ. ನಡೆಯುವವನು ನಮ್ಮನ್ನು ದಾಟಿ ಹೋಗಬಹುದು, ಅಷ್ಟು ನಿಧಾನ. ಟೀ ಮೇಲೆ ಕೆನೆ ಕೂಡ ಅಲ್ಲಾಡಲಿಲ್ಲ. ಕ್ರೇನಿನ ಕೆಳಗೆ ಬಂದು ಎಡಮೈ ಕೊಟ್ಟು, ನೋಡ್ರಪ್ಪಾ ಅಂತ ದಡದ ಕಡೆ ಕಣ್ಣು ಹೊಡೆದು, ಹಿಡಿಯನ್ನು ಹೆಬ್ಬೆರಳಷ್ಟು ಹಿಂದಕ್ಕೆ ಎಳೆದು ನಿಲ್ಲಿಸಿದೆ.

ಎಮ್ಮೆ ಹಿಂದಕ್ಕೆ ನೆಗೆಯಿತು. ಟೀ ನನ್ನ ತೊಡೆಗೆ ಬಂತು. ಬಾಲ ಎಡಕ್ಕೆ ಬೀಸಿ, ಅಲ್ಲೇ ಕಟ್ಟಿದ್ದ ಸಾಹೇಬರ ಬಿಳಿ ಬೋಟಿನ ಪಕ್ಕೆಗೆ ಗುದ್ದಿತು. ಬಣ್ಣವೂ ಹೋಯಿತು, ಮಾನವೂ ಹೋಯಿತು. ದಡದಲ್ಲಿ ನಗು. ನಾನೂ ನಗಲಿಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಕ್ರೇನಿನವನು ಮೇಲಿಂದ, "ಮಾವನ ಕೈಯೂ ಸೊಸೆ ಕೈಯೂ ಒಂದೇ ಅಚ್ಚು ಬಿಡ್ರಪ್ಪ. ಈ ಮನೆಯೋರಿಗೆ ನ್ಯೂಟ್ರಲ್ ಯಾವುದು ರಿವರ್ಸ್ ಯಾವುದು ಗೊತ್ತಾಗಲ್ಲ" ಅಂದ.

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಕ್ರೇನು ಹತ್ತಿ ಅವನ ಕಿವಿ ಹಿಡಿಯುತ್ತಿದ್ದೆ. ಆದರೆ ಆವತ್ತು ಹತ್ತಲಿಲ್ಲ ಗುಬ್ಬಿ. ಅವನು ಬೈದದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಒಂದೇ ಅಚ್ಚು. ನನ್ನ ಕೈ ಗಾಬರಿಯಾಗಿರಲಿಲ್ಲ, ಕಣ್ಣು ಹೊಡೆಯುವಷ್ಟು ಪುರುಸೊತ್ತಿನಲ್ಲಿತ್ತು. ಆ ಕೈ ಮಾಡಿದ್ದನ್ನೇ ನಿನ್ನ ಕೈ ಮಾಡಿತ್ತು. ಎಲ್ಲರ ನಗುವಿನ ನಡುವೆ ನಾನು ಎಮ್ಮೆಯನ್ನು ಸ್ವಲ್ಪ ಮುಂದೆ ತಂದು, ಈ ಸಲ ಹಿಡಿಯನ್ನು ನೆಟ್ಟಗೆ ನಿಲ್ಲಿಸಿ, ಕೈ ತೆಗೆದೆ. ನಿಂತಿತು. ಮೇಷ್ಟ್ರು ಒಳಗೆ ಬಂದಾಗ ಹುಡುಗರು ನಿಲ್ಲುವ ಹಾಗೆ, ಅಲ್ಲಾಡದೆ ನಿಂತಿತು. ಅಷ್ಟು ವರ್ಷದಲ್ಲಿ ಅದು ಹಾಗೆ ನಿಂತದ್ದನ್ನು ನಾನು ನೋಡಿರಲೇ ಇಲ್ಲ. ಮತ್ತೆ ಹೆಬ್ಬೆರಳಷ್ಟು ಎಳೆದೆ, ರಿವರ್ಸು. ನೆಟ್ಟಗೆ, ನಿಂತಿತು. ಎಳೆದೆ, ರಿವರ್ಸು. ಡೀಸೆಲ್ ಪಂಪಿನ ಹೆಂಗಸು, ಅಯ್ಯೋ, ಇವರಿಗೇನಾಯ್ತು ಅಂದದ್ದು ಕೇಳಿಸಿತು. ಕ್ರೇನು ಬೇಡ ಅಂತ ಕೈ ಮಾಡಿ, ಎಮ್ಮೆಯನ್ನು ಅಲ್ಲೇ ಜೆಟ್ಟಿಗೆ ಕಟ್ಟಿ, ಟೀಯಿಂದ ಒದ್ದೆಯಾದ ಪ್ಯಾಂಟಿನಲ್ಲೇ ಮೆಕ್ಯಾನಿಕ್ಕನ ಷೆಡ್ಡಿಗೆ ಹೋದೆ.

ನಾವು ಗ್ರೀಸು ಅಂತ ಕರೆಯುತ್ತೇವಲ್ಲ, ಅದೇ ಮೆಕ್ಯಾನಿಕ್. ಇಂಜಿನ್ನಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಎಮ್ಮೆಯ ಗೇರಿನ ಕೇಬಲ್ಲು ಯಾರು ಮುಟ್ಟಿದ್ದು ಅಂತ ಕಾಲಿಗೇ ಕೇಳಿದೆ. ಹೊಸದು ಹಾಕಿದ್ದು ನಾನೇ ಅಲ್ವಾ ಅಣ್ಣಾ, ಆ ಅಪಘಾತದ ಹಿಂದಿನ ದಿನ ಸಾಯಂಕಾಲ ನಿಮ್ಮ ಭಾವನೇ ಬೋಟು ತಂದು ಕೊಟ್ಟಿದ್ದರು ಅಂದಿತು ಕಾಲು. ಪರೀಕ್ಷೆಯಲ್ಲಿ ಸಾಹೇಬರು ಹಿಡಿ ನೆಟ್ಟಗಿದೆಯೋ ಇಲ್ಲವೋ ನೋಡುತ್ತಾರೆ, ಮಗಳು ಸೊಟ್ಟ ಹಿಡಿದರೆ ಫೇಲು ಮಾಡುತ್ತಾರೆ, ಅದಕ್ಕೆ ಸರಿಮಾಡಿಕೊಡು ಅಂದರಂತೆ ಭಾವ. ಮಗಳಿಗೆ ಹೇಳಿದ್ದೀರಾ ಅಂತ ಗ್ರೀಸು ಮಾತಿಗೆ ಕೇಳಿದ್ದಾನೆ. ಅದಕ್ಕೆ ಭಾವ ಕೊಟ್ಟ ಉತ್ತರವನ್ನು ಅವನು ಹೇಳಿದ ಹಾಗೆಯೇ ಬರೆಯುತ್ತೇನೆ. "ಹೇಳೋದೇನು ಬೇಡ. ಅವಳ ಕೈ ಎಂಥದು ಗೊತ್ತೇನಯ್ಯ ನಿನಗೆ? ಹಿಡಿ ಮುಟ್ಟಿದ ಕೂಡ್ಲೇ ಅಪ್ಪಾ ಕೇಬಲ್ ಬದಲಾಯಿಸಿದೀಯಾ ಅಂತ ಕೇಳ್ತಾಳೆ. ಆ ಮುಖ ನಾನು ನೋಡ್ಬೇಕು."

ಅದಕ್ಕೇ ನಗುತ್ತಿದ್ದರು ಮಗಳೇ. ದಾರಿಯುದ್ದಕ್ಕೂ ಅದಕ್ಕೇ ನಗುತ್ತಿದ್ದರು.

ವಿಚಾರಣೆಯಲ್ಲಿ ಇದನ್ನೇಕೆ ಬೊಗಳಲಿಲ್ಲ ಅಂತ ಗ್ರೀಸಿನ ಕೊರಳಪಟ್ಟಿಗೆ ಕೈ ಹಾಕಿದೆ. ಪಾಪದವನು, ಬೋಟಲ್ಲಿ ದೋಷ ಇತ್ತಾ ಅಂತ ಕೇಳಿದರು, ಇರಲಿಲ್ಲ ಅಂದೆ, ಇರಲಿಲ್ಲವಲ್ಲ ಅಣ್ಣಾ ಅಂದ. ಸರಿಯೇ. ಆ ದಿನ ಎಮ್ಮೆಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದಷ್ಟು ದಿನ ಅದು ಯಾರನ್ನೂ ನೋಯಿಸಲಿಲ್ಲ. ನಮ್ಮ ಹೆಬ್ಬೆರಳಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ, ಗೊತ್ತಾಗದ ಹಾಗೆ ನಾವೇ ನೋಡಿಕೊಂಡಿದ್ದೆವಲ್ಲ. ನಾನು ಹೇಳಿದಾಗ ಅವನು ಸ್ಪ್ಯಾನರು ಕೆಳಗಿಟ್ಟು ಆಯಿಲ್ ಡಬ್ಬದ ಮೇಲೆ ಕೂತುಬಿಟ್ಟ. ನಾನೂ ಪಕ್ಕದಲ್ಲೇ ಕೂತೆ. ಎದ್ದು ಬರುವಾಗ, ಸಾಹೇಬರ ಹತ್ತಿರ ಬಂದು ಹೇಳುತ್ತೇನೆ ಅಣ್ಣಾ ಅಂದ. ಶುಕ್ರವಾರ ಹೋಗಿ ಇಬ್ಬರೂ ಹೇಳಿದೆವು. ಸಾಹೇಬರು ತಮ್ಮ ಬೋಟಿನ ಪಕ್ಕೆಯ ಗಾಯದ ಬಗ್ಗೆ ಒಂದು ಗಂಟೆ ಮಾತಾಡಿದರು. ಕೊನೆಗೆ, ಆಗ ಅಪಘಾತ ಅಂತ ಬರೆದಿದ್ದೇವೆ, ಈಗಲೂ ಅದು ಅಪಘಾತವೇ ತಾನೇ, ಏನು ಬದಲಾಗುತ್ತೆ ಅಂದರು. ಅವರಿಗೆ ಏನೂ ಬದಲಾಗುವುದಿಲ್ಲ, ನಿಜ.

ಅಕ್ಕನಿಗೆ ಗುರುವಾರವೇ ಹೇಳಿದ್ದೆ. ಪಾತ್ರೆ ತೊಳೆಯುತ್ತಿದ್ದಳು. ಈ ಸಲ ನಲ್ಲಿ ತಿರುಗಿಸಲು ಬಿಡದೆ ಅಡ್ಡ ನಿಂತು, ಮೊದಲಿಂದ ಕೊನೆಯವರೆಗೆ ಹೇಳಿದೆ. ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ. ಆಮೇಲೆ, ಹಾಗಾದರೆ ತಪ್ಪು ಅವರದು ಅಂತೀಯಾ ಅಂದಳು. ಹಾಗಲ್ಲ ಅಕ್ಕ, ತಪ್ಪು ಗುಬ್ಬಿದಲ್ಲ ಅಂತ ಅಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದ ನೋಟ ಇನ್ನೂ ನನ್ನ ಮೈಮೇಲಿದೆ. "ಲೋ, ಒಬ್ಬರ ಮೇಲಿನ ಸಿಟ್ಟನ್ನೇ ಹೊರೋಕಾಗ್ತಿಲ್ಲ ನನಗೆ. ಈಗ ಅದನ್ನ ಇಳಿಸಿ ಅವರ ಮೇಲೆ ಹೊರಿಸು ಅಂತ ಬಂದಿದ್ದೀಯಾ? ಹೋದೋರು ಬಂದು ಜವಾಬು ಕೊಡ್ತಾರಾ? ಅವಳಿಗೇನೂ ಬರೀಬೇಡ. ನನ್ನಾಣೆ." ಆವತ್ತಿನಿಂದ ನನ್ನ ಜೊತೆಯೂ ರೇಷನ್ನು ನಿಂತಿದೆ. ಬಾಗಿಲ ಹಿಂದೆ ಮೊಳೆಗೆ ಭಾವನ ಚರ್ಮದ ಕೈಗವಸು ಇನ್ನೂ ನೇತಾಡುತ್ತಿದೆ, ಆಸ್ಪತ್ರೆಯವರು ಕೊಟ್ಟಾಗ ನೇತುಹಾಕಿದ ಹಾಗೆಯೇ. ಅದರ ಧೂಳನ್ನು ಮಾತ್ರ ದಿನವೂ ಹೊಡೆಯುತ್ತಾಳೆ.

ಅವಳ ಆಣೆ ಮುರಿದು ಇದನ್ನು ಬರೆಯುತ್ತಿದ್ದೇನೆ, ಪಾಪ ಬಂದರೆ ನನಗೆ ಬರಲಿ, ನನ್ನ ಹತ್ತಿರ ಆಗಲೇ ಬೇಕಾದಷ್ಟಿದೆ, ಜೊತೆಗಿರುತ್ತದೆ. ಎರಡು ರಾತ್ರಿ ಯೋಚನೆ ಮಾಡಿದೆ. ಅಕ್ಕ ಹೇಳುವುದರಲ್ಲೂ ಹುರುಳಿದೆ. ಇದನ್ನು ಓದಿದರೆ ನಿನ್ನ ಎದೆಯ ಕಲ್ಲು ಹೂವಾಗುವುದಿಲ್ಲ. ಅಪ್ಪ ನನ್ನ ಕೈಯನ್ನು ಅಷ್ಟು ನಂಬಿದ್ದಕ್ಕೇ ಹೋದರು ಅನ್ನುವ ಕಲ್ಲು ಅದರ ಜಾಗಕ್ಕೆ ಬಂದು ಕೂರುತ್ತದೆ, ಅದೇನು ಕಡಿಮೆ ತೂಕದ್ದಲ್ಲ. ಮುಟ್ಟಿದ ಕೂಡಲೇ ನನಗೇಕೆ ಗೊತ್ತಾಗಲಿಲ್ಲ ಅಂತ ನೀನು ಹೊಸದಾಗಿ ಕೊರಗಬಹುದು. ಅದಕ್ಕೆ ಉತ್ತರ ನನ್ನ ಹತ್ತಿರ ಇದೆ: ನನಗೂ ಗೊತ್ತಾಗಲಿಲ್ಲ. ಈ ನೀರಿನ ಮೇಲೆ ನನಗಿಂತ ಹಳೆಯ ಕೈ ಇಲ್ಲ ಅಂತ ಊರೆಲ್ಲ ಡಂಗುರ ಹೊಡೆದವನು ನಾನು, ಹಾಡಹಗಲಲ್ಲಿ, ಟೀ ಗ್ಲಾಸು ಮುಂದಿಟ್ಟುಕೊಂಡು, ನನಗೇ ಗೊತ್ತಾಗಲಿಲ್ಲ. ಕೈಗೆ ಏನು ಕಲಿಸಿದ್ದೆವೋ ಅದನ್ನೇ ಅದು ಮಾಡಿತು. ನಾಯಿಗೆ ಕೂರು ಅಂತ ಕಲಿಸಿ, ಒಂದು ದಿನ ಕೂತದ್ದಕ್ಕೆ ಹೊಡೆದರೆ ಹೇಗೆ?

ನೀನು ಬಾ ಅಂತ ನಾನು ಕರೆಯುವುದಿಲ್ಲ. ಮನೆ ಅಕ್ಕನದು, ಕರೆಯಬೇಕಾದವಳು ಅವಳು, ಅವಳು ಕರೆಯುತ್ತಾಳೆ ಅಂತ ಹೇಳುವ ಧೈರ್ಯ ನನಗಿಲ್ಲ. ನಾನು ಕೇಳುವುದು ಒಂದೇ. ನಾಳೆ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಸರದಿ ಬಂದರೆ, ಹಿಡಿಯನ್ನು ನೀನೇ ಎಳೆ. ಬಲಗೈಯಲ್ಲೇ ಎಳೆ. ಅಷ್ಟು ಮಾಡಿದೆ ಅಂತ ಒಂದು ಸಾಲು ಬರೆದರೆ ಸಾಕು, ಈ ಮುದುಕ ಆ ರಾತ್ರಿ ಗೊರಕೆ ಹೊಡೆಯುತ್ತಾನೆ.

ಗ್ರೀಸು ನಿನಗೆ ನಮಸ್ಕಾರ ತಿಳಿಸು ಅಂದ, ಅಂದು ಮುಖ ತಿರುಗಿಸಿಕೊಂಡ. ಹಗ್ಗದಂಗಡಿ ಅಜ್ಜಿ ನಿನ್ನನ್ನು ಕೇಳುತ್ತಲೇ ಇರುತ್ತಾಳೆ. ಕೆಮ್ಮಿಗೆ ಬಿಸಿನೀರು ಕುಡಿ. ಆವಿಯಿಂದ ಹೊರಗೆ ಬಂದ ಕೂಡಲೇ ಗಾಳಿಗೆ ನಿಲ್ಲಬೇಡ. ಎಲ್ಲಿದ್ದರೂ ತಣ್ಣಗಿರು ನನ್ನ ಕೂಸೇ.

ಇಂತಿ,
ಟೀ ಚೆಲ್ಲಿಕೊಂಡು, ಮಾತಿಗೆ ತಪ್ಪದೆ ಮೀಸೆ ಕಳೆದುಕೊಂಡ
ನಿನ್ನ ಮಾವ

ಮರೆತ ಮಾತು: ಮರೆತದ್ದಲ್ಲ, ಈಗ ನಡೆದದ್ದು. ಅಂಚೆ ಡಬ್ಬಿ ತೆರೆಯುವ ಹೊತ್ತಾಗುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಹಿಂದೆ ಅಕ್ಕ ನಿಂತಿದ್ದಳು, ಯಾವಾಗಿನಿಂದಲೋ. ಅದೇನು, ಓದು ಅಂದಳು. ನೀನೇ ಓದಿಕೋ ಅಂದೆ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ, ನೀನೇ ಓದು ಅಂದಳು. ಓದಿದೆ, ಅವಳ ಬಗ್ಗೆ ಬರೆದದ್ದನ್ನೂ ಬಿಡದೆ. ಎದ್ದು ಹೋಗುತ್ತಾಳೆ, ನಲ್ಲಿ ತಿರುಗಿಸುತ್ತಾಳೆ ಅಂತ ಕಾದೆ. ತಿರುಗಿಸಲಿಲ್ಲ. ಭಾವ ನಗುತ್ತಿದ್ದರು ಅನ್ನುವಲ್ಲಿ ಮಾತ್ರ ಕೈ ಎತ್ತಿ ನಿಲ್ಲಿಸಿದಳು, ಆ ಸಾಲನ್ನು ಇನ್ನೊಂದು ಸಲ ಓದಿಸಿದಳು. ಮುಗಿದ ಮೇಲೆ ಒಳಗೆ ಹೋದಳು. ಬಂದಾಗ ಭಾವನ ಚರ್ಮದ ಕೈಗವಸು ಅವಳ ಕೈಯಲ್ಲಿತ್ತು, ಹಾಕಿಕೊಂಡಿದ್ದಳು, ಮಣಿಕಟ್ಟಿನ ಹತ್ತಿರ ದೊಗಲೆಯಾಗಿ. ನೀರು ಅಂದರೆ ಕೊಡದಲ್ಲಿರಬೇಕು ಅನ್ನುವ ಹೆಂಗಸು, ಇಷ್ಟು ವರ್ಷದಲ್ಲಿ ಎಮ್ಮೆಯ ಮೇಲೆ ಒಂದು ಕಾಲಿಟ್ಟವಳಲ್ಲ. ಎಮ್ಮೆ ಒಡೆಯೋದು ಬೇಡ ಅಂತ ಕ್ರೇನಿನವನಿಗೆ ಹೇಳು ಅಂದಳು. ಆಮೇಲೆ ಅಂದಳು, "ಅವಳು ಬರ್ಲಿ. ಬೋಟು ಅವಳೇ ತಂದು ನಿಲ್ಲಿಸ್ಲಿ. ಹಿಂದುಗಡೆ ಮೆಟ್ಟಿಲ ಮೇಲೆ ನಾನು ನಿಂತ್ಕೋತೀನಿ. ಹಗ್ಗ ನಾನು ಹಿಡೀತೀನಿ ಅಂತ ಬರಿ." ಬರೆದಿದ್ದೇನೆ. ಬೇಗ ಬಾ, ಅವಳ ಮನಸ್ಸು ಮತ್ತೆ ಗಟ್ಟಿಯಾಗುವ ಮೊದಲು ಬಾ. ಇನ್ನೊಂದು, ಎಲ್ಲಕ್ಕಿಂತ ಮುಖ್ಯ: ಗುಬ್ಬಿ, ಎಮ್ಮೆಯ ಹಿಡಿ ಈಗ ನೆಟ್ಟಗೆ ನಿಂತರೆ ನ್ಯೂಟ್ರಲ್. ಹೆಬ್ಬೆರಳು ಬೇಡ. ನೆಟ್ಟಗೆ. ನಿನಗೆ ಹೇಳಬೇಕಿತ್ತು, ಹೇಳಿದ್ದೇನೆ.